ಹೇಳದೆ ಉಳಿದ ಕಥೆ

ಜೋಯಿಡಾ ತಾಲ್ಲೂಕಿನ ಕುಂಬಾರವಾಡದಲ್ಲಿ ಒಂದು ಮಳೆಗಾಲದ ಕೆಲವು ದಿನಗಳನ್ನು ಕಳೆಯುವ ಯೋಗ ನನಗೆ ಒದಗಿತ್ತು. ಮಳೆ ಹಿಡಿದ ಸಂಜೆ, ವಿದ್ಯುತ್ತೂ ಇರಲಿಲ್ಲ. ಆ ಮನೆಯ ಪುಟ್ಟ ಹುಡುಗಿ ಬಳಿಗೆ ಬಂದು, “ಅಜ್ಜಾ, ಒಂದು ಕಥೆ ಹೇಳಿ” ಎಂದಳು. ನನ್ನ ಚೀಲದಲ್ಲಿ ಎರಡು ಕಾದಂಬರಿಗಳಿದ್ದವು. ಬಾಯಲ್ಲಿ ಒಂದು ಕಥೆಯೂ ಇರಲಿಲ್ಲ. ನಲವತ್ತು ವರ್ಷ ಓದಿದವನಿಗೆ ಅಂದು ಆದ ನಾಚಿಕೆಯನ್ನು ಮುಚ್ಚಿಡಲಾರೆ.

ಕೊನೆಗೆ ಕಥೆ ಹೇಳಿದವರು ಮನೆಯ ಅಜ್ಜಿ, ಅದೂ ಕೊಂಕಣಿಯಲ್ಲಿ. ನನಗೆ ಅರೆಬರೆ ತಿಳಿಯಿತು. ಆದರೆ ಆ ಮಗು ನಡುನಡುವೆ ‘ಹೂಂ’ ಎನ್ನುತ್ತಿದ್ದುದರ ಅರ್ಥ ಪೂರ್ಣವಾಗಿ ತಿಳಿಯಿತು. ಕಾದಂಬರಿಯನ್ನು ಒಬ್ಬನೇ ಕುಳಿತು ಓದಬಹುದು. ಹೂಂಗುಡುವವರಿಲ್ಲದೆ ಅಜ್ಜಿಯ ಕಥೆ ಒಂದು ಹೆಜ್ಜೆಯೂ ಸಾಗದು.

ಎ. ಕೆ. ರಾಮಾನುಜನ್ ಸಂಗ್ರಹಿಸಿದ ಕನ್ನಡದ ಜನಪದ ಕಥೆಯೊಂದು ಆಗ ನೆನಪಾಯಿತು. ಒಬ್ಬ ಗೃಹಿಣಿಗೆ ಒಂದು ಕಥೆ, ಒಂದು ಹಾಡು ಗೊತ್ತಿದ್ದವು. ಆಕೆ ಅವನ್ನು ಯಾರಿಗೂ ಹೇಳಲಿಲ್ಲ. ಉಸಿರುಕಟ್ಟಿದ ಅವು, ಆಕೆ ನಿದ್ರಿಸುವಾಗ ಹೊರಬಿದ್ದು, ಕಥೆ ಪಾದರಕ್ಷೆಯಾಗಿ ಹೊಸ್ತಿಲ ಬಳಿ ಕುಳಿತಿತು, ಹಾಡು ಅಂಗಿಯಾಗಿ ಗೂಟಕ್ಕೆ ತೂಗಿತು. ಗಂಡ ಸಂಶಯಪಟ್ಟು ಮನೆಬಿಟ್ಟು ಗುಡಿಯಲ್ಲಿ ಮಲಗಿದ. ಊರ ದೀಪಗಳ ಕುಡಿಗಳು ಅಲ್ಲಿ ಸೇರಿ ಆಡಿದ ಮಾತಿನಿಂದ ಅವನಿಗೆ ನಿಜ ತಿಳಿಯಿತು. ಮರಳಿ ಬಂದು ಕೇಳಿದರೆ, ಆಕೆಗೆ ಕಥೆಯೂ ಹಾಡೂ ಮರೆತುಹೋಗಿದ್ದವು.

ಇದೇ ಜಿಲ್ಲೆಯ ಶಿರಸಿಯಲ್ಲಿ ಬಾಲ್ಯ ಕಳೆದ ಗಿರೀಶ ಕಾರ್ನಾಡರು ರಾಮಾನುಜನ್ ಅವರಿಂದ ಕೇಳಿದ ಕಥೆಗಳಿಂದಲೇ ‘ನಾಗಮಂಡಲ’ವನ್ನು (1988) ಕಟ್ಟಿದರು, ದೀಪದ ಕುಡಿಗಳು ಅಲ್ಲಿ ರಂಗದ ಮೇಲೆಯೇ ಮಾತಾಡುತ್ತವೆ. ‘ಮಲೆಗಳಲ್ಲಿ ಮದುಮಗಳು’ (1967) ಬರೆದ ಕುವೆಂಪು ಅವರೇ ಮಕ್ಕಳಿಗಾಗಿ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯನ್ನೂ ಬರೆದರು. ಅಜ್ಜಿಯ ಕಥೆ, ಮಕ್ಕಳ ಕಥೆ, ಕಾದಂಬರಿ ಎಂದು ಮೇಲುಕೀಳು ಎಣಿಸುವವರು ನಮ್ಮಂಥ ಓದುಗರೇ ಹೊರತು, ದೊಡ್ಡ ಲೇಖಕರಲ್ಲ.

ಆದರೂ ಒಂದು ಚಿಂತೆ ಉಳಿಯುತ್ತದೆ. ಆ ಮಗುವಿಗೆ ಕಥೆ ಕೊಂಕಣಿಯಲ್ಲಿ, ಪಾಠ ಕನ್ನಡದಲ್ಲಿ. ಅಜ್ಜಿಯ ಕಥೆಗೆ ಪುಸ್ತಕವಿಲ್ಲ. ಅವರೊಂದಿಗೇ ಅದು ಹೋಗಬಹುದು. ಶಾಲೆಯ ಗುರುಗಳು ವಾರಕ್ಕೊಂದು ಗಂಟೆ, “ನಿಮ್ಮ ಮನೆಯ ಕಥೆ ಹೇಳಿ” ಎಂದು ಮಕ್ಕಳನ್ನೇ ಕೇಳಿ, ತಾವು ಹೂಂಗುಟ್ಟರೆ, ಎರಡು ಭಾಷೆಗಳೂ ಲಾಭ ಪಡೆದಾವು.

ಊರಿಗೆ ಹೊರಡುವ ಮುನ್ನ ಆ ಮಗುವಿಗೆ ಪಾದರಕ್ಷೆಯಾದ ಕಥೆಯನ್ನು ತಡವರಿಸುತ್ತ ಹೇಳಿದೆ. ಮುಗಿದ ಮೇಲೆ ಅವಳು ಕೇಳಿದಳು: “ಹಾಗಾದರೆ ಆಕೆಯ ಕಥೆ ಏನಿತ್ತು?”

ಉತ್ತರ ನನ್ನಲ್ಲಿರಲಿಲ್ಲ. ಅಜ್ಜಿ ಮಾತ್ರ ನಕ್ಕರು.