ಅಟ್ಟದ ಮೇಲಿನ ಡೇರೆ: ಮಾರುವುದೋ, ಬಳಸುವುದೋ?

ವಾಗ್ಳೆ ಎಸ್ಟೇಟಿನಲ್ಲಿ ಗುಮಾಸ್ತರಾಗಿರುವ ನಮ್ಮ ಮಿತ್ರರೊಬ್ಬರು ಈಚೆಗೆ ಒಂದು ಧರ್ಮಸಂಕಟವನ್ನು ನಮ್ಮ ಮುಂದಿಟ್ಟರು. ಕೋಣೆಗೆ ಸುಣ್ಣ ಬಳಿಯಿಸಲೆಂದು ಅಟ್ಟವನ್ನು ಬರಿದುಮಾಡಿದಾಗ ದಿವಂಗತ ತಂದೆಯವರ ತಗಡಿನ ಪೆಟ್ಟಿಗೆ ಕೆಳಗಿಳಿಯಿತು. ಅದರೊಳಗೆ ಒಂದು ಕ್ಯಾನ್ವಾಸು ಡೇರೆ, ಒಂದು ಹಿತ್ತಾಳೆಯ ಪ್ರೈಮಸ್ ಸ್ಟೌ, ಒಂದು ಪೆಟ್ರೋಮ್ಯಾಕ್ಸ್ ದೀಪ. ಕಾರ್ಕಳದ ಕಡೆಯಿಂದ ಬಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ದುಡಿಯುತ್ತಿದ್ದ ಆ ಹಿರಿಯರಿಗೆ, ಊರು ಬಿಟ್ಟು ಹೊರಟ ಅಧಿಕಾರಿಯೊಬ್ಬರು ಕೊಟ್ಟುಹೋದ ಸಾಮಾನುಗಳಿವು. ಡೇರೆಯಲ್ಲಿ ಅವರು ಒಂದು ರಾತ್ರಿಯೂ ಮಲಗಿದವರಲ್ಲ. ಆದರೆ ಕಾರ್ಖಾನೆ ಮುಚ್ಚಿದ್ದ ಎಂಟು ತಿಂಗಳ ಕಾಲ ಆ ಸ್ಟೌವಿನ ಮೇಲೆ ಚಹಾ ಕಾಯಿಸಿ ಬೀದಿಬದಿಯಲ್ಲಿ ಮಾರಿ ಸಂಸಾರವನ್ನು ಸಾಗಿಸಿದ್ದರು.

ಈಗ ಮೊಮ್ಮಗಳ ಕಾಲೇಜು ಶುಲ್ಕ ಕಟ್ಟಬೇಕಾಗಿದೆ. ಭಂಗಾರ್‌ವಾಲಾ ತಕ್ಕಡಿ ಹಿಡಿದು ಬಾಗಿಲಲ್ಲಿ ನಿಂತಿದ್ದಾನೆ. (ಈ ಊರಿನ ಭಂಗಾರವು ನಮ್ಮ ಬಂಗಾರವಲ್ಲವೆಂಬುದನ್ನು ಅರಿಯಲು ಹೊಸದಾಗಿ ಬಂದ ಕನ್ನಡಿಗನಿಗೆ ಎರಡು ದಿನ ಬೇಕು.)

ನಾವು ಉತ್ತರ ಕೊಡುವ ಮೊದಲೇ, ಹೋಟೆಲಿನ ಒಲೆಯ ಮುಂದೆ ಆಯುಷ್ಯ ಸವೆಸಿದ ನೆರೆಮನೆಯ ವೃದ್ಧರು ಅಂದರು: “ಮೊದಲು ಹೊತ್ತಿಸಿ ನೋಡುವ ಮಾರಾಯ್ರೆ, ಮಾರುವುದು ಆಮೇಲೆ.” ನಮಗೂ ಅದೇ ಸರಿಯೆನಿಸಿತು. ಕೆಲಸ ಮಾಡುವ ವಸ್ತುವನ್ನು ಲೋಹದ ತೂಕಕ್ಕೆ ಕೊಡುವುದು ನಷ್ಟ. ಕೆಟ್ಟುಹೋದುದನ್ನು ಪಿತೃಭಕ್ತಿಯಿಂದ ಅಟ್ಟದಲ್ಲಿಡುವುದು, ನಮ್ಮ ಹತ್ತಡಿ ಕೋಣೆಗಳಲ್ಲಿ, ಇನ್ನೊಂದು ನಷ್ಟ.

ಈ ಸ್ಟೌ ಸಾಮಾನ್ಯ ವಂಶದ್ದಲ್ಲ. ಸ್ವೀಡನ್ನಿನ ಫ್ರಾನ್ಸ್ ವಿಲ್ಹೆಲ್ಮ್ ಲಿಂಡ್‌ಕ್ವಿಸ್ಟ್ 1892ರಲ್ಲಿ ಇದನ್ನು ರೂಪಿಸಿದನು. 1953ರಲ್ಲಿ ತೇನ್‌ಸಿಂಗ್ ಮತ್ತು ಹಿಲರಿಯವರ ಎವರೆಸ್ಟ್ ತಂಡದೊಡನೆಯೂ ಪ್ರೈಮಸ್ ಇದ್ದಿತು. ಪೆಟ್ರೋಮ್ಯಾಕ್ಸ್ ಬರ್ಲಿನ್ನಿನ ಎಹ್ರಿಖ್ ಮತ್ತು ಗ್ರೇಟ್ಸ್ ಸಂಸ್ಥೆಯ ಸೃಷ್ಟಿ. ದೊಂದಿಯ ಬೆಳಕಿನಲ್ಲಿ ಕುಣಿಯುತ್ತಿದ್ದ ನಮ್ಮ ಬಯಲಾಟದ ವೇಷಗಳಿಗೆ ಬಿಳಿಬೆಳಕು ತಂದ ‘ಗ್ಯಾಸ್‌ಲೈಟ್’ ಇದೇ ಜಾತಿಯದು. ಅದರ ಬುಸುಗುಟ್ಟುವಿಕೆಯಿಲ್ಲದೆ ಚೆಂಡೆಯ ಸದ್ದು ಅಪೂರ್ಣವೆಂದು ಭಾವಿಸುವ ಹಿರಿಯರು ಇನ್ನೂ ಇದ್ದಾರೆ.

ಆದಿತ್ಯವಾರ ಪರೀಕ್ಷೆ ನಡೆಯಿತು. ಡೇರೆಯ ಅಂಚನ್ನು ಎರಡು ಬೆರಳಲ್ಲಿ ಹಿಡಿದೆಳೆದೊಡನೆ ಬಟ್ಟೆ ಹರಿಯಿತು. ಒದ್ದೆಯಾಗಿಯೇ ಮಡಿಚಿಟ್ಟ ಹತ್ತಿಬಟ್ಟೆಯನ್ನು ಬೂಷ್ಟು ತಿಂದಿತ್ತು. ಸ್ಟೌವಿನ ಪಂಪಿನ ಚರ್ಮದ ವಾಷರು ಒಣಗಿ ಗಟ್ಟಿಯಾಗಿದ್ದಿತು. ವೃದ್ಧರು ಅದಕ್ಕೆ ಎಣ್ಣೆಯ ನಾಲ್ಕು ತೊಟ್ಟು ಕುಡಿಸಿದರು; ಬರಿದಾದ ಟಾಕಿಯನ್ನು ನೀರಿನ ಬಾಲ್ದಿಯಲ್ಲಿ ಮುಳುಗಿಸಿ ಗಾಳಿ ತುಂಬಿದರು. ಬರ್ನರಿನ ಸಣ್ಣ ತೂತಿನಿಂದಲ್ಲದೆ ಬೇರೆಲ್ಲಿಯೂ ಗುಳ್ಳೆ ಏಳಲಿಲ್ಲ. ಬೆಸುಗೆಯಲ್ಲಿ ಗುಳ್ಳೆ ಕಂಡಿದ್ದರೆ ಹೊತ್ತಿಸುವ ಮಾತೇ ಇರಲಿಲ್ಲ. ಬಳಿಕ ಅಂಗಳದ ಬಯಲಿನಲ್ಲಿ, ಸ್ಪಿರಿಟ್ಟಿನಿಂದ ಬರ್ನರನ್ನು ಕಾಯಿಸಿ ಪಂಪು ಒತ್ತಿದಾಗ ನೀಲಿ ಜ್ವಾಲೆ ಗರ್ಜಿಸಿತು. ದೀಪವೂ ಉರಿಯಿತು, ಆದರೆ ಹೊಸ ಮ್ಯಾಂಟಲಿನಿಂದ. ಹಳೆಯ ಮ್ಯಾಂಟಲುಗಳಲ್ಲಿ ವಿಕಿರಣವುಳ್ಳ ಥೋರಿಯಂ ಇರುವುದರಿಂದ ಅವುಗಳ ಪುಡಿಯನ್ನು ಉಸಿರಾಡಬಾರದು.

ಬಳಸುವುದೆಲ್ಲಿ ಎಂಬುದು ಮುಂದಿನ ತೊಡಕು. ಪಕ್ಕದ ಯೇವೂರು ಗುಡ್ಡವು ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಭಾಗ. ಅಲ್ಲಿ ಮನಬಂದಂತೆ ಬೆಂಕಿ ಹೊತ್ತಿಸುವಂತಿಲ್ಲ. ಕಸಾರಾ ಲೋಕಲಿನಲ್ಲಿ ಆಸನಗಾಂವಿಗಿಳಿದು ಮಾಹುಲಿ ಕೋಟೆಯ ಬುಡಕ್ಕೆ ಹೋಗಬಹುದು. ಆದರೆ ಗಾಡಿಯಲ್ಲಿ ಸೀಮೆಎಣ್ಣೆ ಒಯ್ದವರಿಗೆ 1989ರ ರೈಲ್ವೆ ಕಾಯಿದೆಯಂತೆ ಮೂರು ವರ್ಷದವರೆಗೆ ಸೆರೆವಾಸ ಆಗಬಹುದು. ಡೇರೆಯೊಳಗೆ ಈ ಒಲೆ ಉರಿಸುವುದಂತೂ ಇಂಗಾಲದ ವಿಷಾನಿಲದಿಂದ ಪ್ರಾಣಕ್ಕೇ ಎರವು.

ಮಾರುವುದಾದರೆ ತಿಕ್ಕಿ ಹೊಳೆಯಿಸಬಾರದು. ದೀಪದ ಮೇಲಿನ ನಿಕ್ಕಲ್ ಲೇಪ ಹೋದರೆ ಬೆಲೆಯೂ ಇಳಿಯುತ್ತದೆ. ಪೆಟ್ರೋಮ್ಯಾಕ್ಸಿನ ನಕಲುಗಳು ಹೇರಳವಾಗಿರುವುದರಿಂದ ಸಂಗ್ರಾಹಕನು ಮೊದಲು ಹುಡುಕುವುದು ಟಾಕಿಯ ಮೇಲಿನ ಮುದ್ರೆಯನ್ನು, ಬಳಿಕ ಮೂಲ ಗಾಜನ್ನು. ನಮ್ಮ ಮಿತ್ರರ ದೀಪದಲ್ಲಿ ಎರಡೂ ಇದ್ದುವು. ಚೋರ್ ಬಜಾರಿನ ಮಟನ್ ಸ್ಟ್ರೀಟಿನಲ್ಲಿ ಮೂರು ಅಂಗಡಿ ತಿರುಗಿ, ಮೂರನೆಯವನಿಂದ ತೂಕದ ಬೆಲೆಯ ಹಲವು ಪಟ್ಟು ಹಣ ಪಡೆದರು. ಶುಲ್ಕದ ಅರ್ಧಭಾಗ ಅಲ್ಲಿಗೆ ಕೂಡಿತು.

ಸ್ಟೌವನ್ನೂ ಆತ ಕೇಳಿದ್ದನಂತೆ. ಮಿತ್ರರು ಕೊಡಲಿಲ್ಲ, ಉಳಿದ ಅರ್ಧಕ್ಕೆ ಕಾರ್ಖಾನೆಯ ಸೊಸೈಟಿಯಲ್ಲಿ ಸಾಲದ ಅರ್ಜಿ ಹಾಕಿದ್ದಾರೆ. ಕಳೆದ ಆದಿತ್ಯವಾರ ಅಂಗಳದಲ್ಲಿ ಆ ಒಲೆಯ ಮೇಲೆ ಕಾಯಿಸಿದ ಚಹಾವನ್ನು ನಾವೂ ಕುಡಿದೆವು. ಸೀಮೆಎಣ್ಣೆಯ ವಾಸನೆ ತುಸು ಹೆಚ್ಚಾಗಿದ್ದಿತು.