ಮದ್ದು ಮತ್ತು ಬಿಸಿಲು

ಬೆಳಗಾವಿ ಜಿಲ್ಲೆಯ ಮುನವಳ್ಳಿ ಮಲಪ್ರಭಾ ನದಿಯ ದಡದಲ್ಲಿರುವ ಊರು. ಅಲ್ಲಿನ ಹೊಲಗಳಲ್ಲಿ ದುಡಿಯುವವರಿಗೆ ಬಿಸಿಲು ಹೊಸದಲ್ಲ. ಆದರೆ ಎಷ್ಟೋ ವರ್ಷ ಬಿಸಿಲುಂಡ ಮೈ ಕೂಡ, ಯಾವುದೋ ಕಾಯಿಲೆಗೆ ಗುಳಿಗೆ ನುಂಗತೊಡಗಿದ ಮೇಲೆ, ಅದೇ ಬಿಸಿಲನ್ನು ತಾಳಲಾರದೆ ಹೋಗುವುದುಂಟು. ಮುಖ, ಕುತ್ತಿಗೆ, ಮುಂಗೈಗಳು ಕೆಂಪೇರಿ ಉರಿಯುತ್ತವೆ, ಕೆಲವೊಮ್ಮೆ ಬೊಬ್ಬೆಗಳೇಳುತ್ತವೆ. ಮೈಯಲ್ಲಿ ಉಷ್ಣ ಹೆಚ್ಚಿತೆಂದು ಅನೇಕರು ಸುಮ್ಮನಾಗುತ್ತಾರೆ. ಔಷಧವೂ ಬಿಸಿಲೂ ಕೂಡಿ ಮಾಡಿದ ಕೆಲಸವಿದೆಂದು ಅವರಿಗೆ ಹೊಳೆಯುವುದಿಲ್ಲ.

ಸೂರ್ಯನ ಬೆಳಕಿನಲ್ಲಿ ಕಣ್ಣಿಗೆ ಕಾಣದ ನೇರಳಾತೀತ ಕಿರಣಗಳಿವೆ. ನುಂಗಿದ ಔಷಧವು ರಕ್ತದ ಮೂಲಕ ಚರ್ಮವನ್ನೂ ಸೇರುತ್ತದೆ. ಕೆಲವು ಔಷಧಗಳ ಅಣುಗಳು ಆ ಕಿರಣಗಳ ಶಕ್ತಿಯನ್ನು ಹೀರಿಕೊಂಡು ಸುತ್ತಲಿನ ಜೀವಕೋಶಗಳನ್ನು ಘಾಸಿಗೊಳಿಸುತ್ತವೆ. ಆಗ ಕೆಲವೇ ಗಂಟೆಗಳಲ್ಲಿ ಚರ್ಮ ಸುಟ್ಟಂತಾಗುತ್ತದೆ. ಇನ್ನು ಕೆಲವರಲ್ಲಿ, ಬೆಳಕಿನಿಂದ ಮಾರ್ಪಟ್ಟ ಔಷಧವನ್ನು ದೇಹದ ರಕ್ಷಣಾ ವ್ಯವಸ್ಥೆಯು ಶತ್ರುವೆಂದು ಬಗೆಯುತ್ತದೆ. ಅಂಥವರಲ್ಲಿ ಒಂದೆರಡು ದಿನಗಳ ಬಳಿಕ ತುರಿಕೆಯ ಗುಳ್ಳೆಗಳೆದ್ದು, ಬಟ್ಟೆ ಮುಚ್ಚಿದ ಭಾಗಕ್ಕೂ ಹರಡಬಹುದು. ಸೋಂಕಿಗೆ ಕೊಡುವ ಡಾಕ್ಸಿಸೈಕ್ಲಿನ್, ರಕ್ತದೊತ್ತಡಕ್ಕೆ ಕೊಡುವ ಹೈಡ್ರೋಕ್ಲೋರೋಥಯಜೈಡ್, ಹೃದಯದ ಬಡಿತವನ್ನು ಸರಿಪಡಿಸುವ ಅಮಿಯೋಡರೋನ್ ಮೊದಲಾದವು ಬಿಸಿಲಿನೊಡನೆ ಹೀಗೆ ವರ್ತಿಸಬಲ್ಲವು. ಎಲ್ಲರಿಗೂ ಹೀಗಾಗುವುದಿಲ್ಲ, ಔಷಧದ ಪ್ರಮಾಣ, ಬಿಸಿಲಿನ ತೀವ್ರತೆ, ಮೈಯ ಗುಣ ಇವುಗಳನ್ನು ಅದು ಅವಲಂಬಿಸಿದೆ.

ವಿಚಿತ್ರವೆಂದರೆ, ಈ ಗುಣವೇ ಚಿಕಿತ್ಸೆಗೂ ಒದಗಿದೆ. ಕನ್ನಡಿಗರು ಬಾವಂಚಿ ಎನ್ನುವ ಗಿಡವನ್ನು ಆಯುರ್ವೇದ ಬಾಕುಚಿ ಎನ್ನುತ್ತದೆ. ಅದರ ಬೀಜವನ್ನು ಮದ್ದಾಗಿ ಕೊಟ್ಟು, ರೋಗಿಯನ್ನು ಬಿಸಿಲಿಗೊಡ್ಡಿ ತೊನ್ನಿಗೆ ಚಿಕಿತ್ಸೆ ಮಾಡುವುದು ಹಳೆಯ ಪದ್ಧತಿ. 1933ರಲ್ಲಿ ಜೋಯಿಸ್, ಮಂಜುನಾಥ್ ಮತ್ತು ವೆಂಕಟರಾವ್ ಎಂಬ ಭಾರತೀಯ ವಿಜ್ಞಾನಿಗಳು ಈ ಬೀಜದ ರಾಸಾಯನಿಕ ಪರೀಕ್ಷೆಯನ್ನು ಪ್ರಕಟಿಸಿದರು. ಸೋರಲೆನ್ ಎಂಬ ವಸ್ತು ಬೆಳಕಿಗೆ ಬಂದುದು ಹೀಗೆ. ಸೋರಲೆನ್ ವರ್ಗದ ಔಷಧಕ್ಕೆ ನೇರಳಾತೀತ ಕಿರಣಗಳನ್ನು ಅಳೆದು ಜೋಡಿಸಿದರೆ, ಬಿಳಿಚಿದ ಚರ್ಮಕ್ಕೆ ಬಣ್ಣ ಮರಳುವುದುಂಟು. ಅಳತೆ ಮೀರಿದರೆ ಅದೇ ಚರ್ಮ ಬೊಬ್ಬೆಯೇಳುತ್ತದೆ. ಆದುದರಿಂದ ಬಾವಂಚಿಯನ್ನು ತಾವಾಗಿಯೇ ಹಚ್ಚಿಕೊಂಡು ಬಿಸಿಲಿಗೆ ನಿಲ್ಲುವುದು ಅಪಾಯಕರ.

ಬಿಸಿಲಿಗೆ ಮೈ ಉರಿಯಿತೆಂದು ಗುಳಿಗೆಯನ್ನು ತಟ್ಟನೆ ಬಿಟ್ಟುಬಿಡುವುದೂ ತರವಲ್ಲ. ರಕ್ತದೊತ್ತಡದ, ಹೃದಯದ ಔಷಧವನ್ನು ಬಿಟ್ಟರೆ ಪ್ರಾಣಕ್ಕೇ ಸಂಚಕಾರ ಬಂದೀತು. ವೈದ್ಯರಿಗೆ ಗುಳಿಗೆಯನ್ನು ತೋರಿಸಿ, ತಾನು ಮಾಡುವ ಕೆಲಸ ಬಿಸಿಲಿನದೆಂದು ತಿಳಿಸಬೇಕು. ಅವರು ಬೇರೆ ಔಷಧವನ್ನು ಸೂಚಿಸಬಹುದು. ಅಲ್ಲಿಯವರೆಗೆ ತುಂಬುತೋಳಿನ ಅಂಗಿ ತೊಟ್ಟು, ತಲೆಗೆ ರುಮಾಲು ಸುತ್ತಿ, ನಡುಹಗಲಿನ ಕೆಲಸವನ್ನು ಬೆಳಗಿಗೋ ಸಂಜೆಗೋ ಸರಿಸಿಕೊಳ್ಳಬೇಕು. ಹೊಟ್ಟೆಪಾಡಿಗೆ ದುಡಿಯುವವನು ಬಿಸಿಲನ್ನು ಬಿಡಲಾರ. ರೋಗಿಯು ಮದ್ದನ್ನು ಬಿಡಲಾರ. ಇವೆರಡರ ನಡುವೆ ದಾರಿ ತೋರುವುದು ತಿಳಿವಳಿಕೆಯೊಂದೇ.