ಅತಿಥಿಯಾಗಿ ಬರುವ ಜಲಪಾತ

ಜಲಪಾತವೆಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಮನಸ್ಸು ಹಸುರನ್ನು ನೆನೆಯುತ್ತದೆ. ದಟ್ಟವಾದ ಕಾಡು, ಪಾಚಿಗಟ್ಟಿದ ಬಂಡೆ, ನೆನೆದ ಮಣ್ಣಿನ ವಾಸನೆ ಇವುಗಳಿಲ್ಲದ ಜಲಪಾತವನ್ನು ಕಲ್ಪಿಸಿಕೊಳ್ಳುವುದೇ ಕಷ್ಟ. ಆದರೆ ನೆರಳಿಗೆ ಒಂದು ಮರವೂ ಸಿಕ್ಕದ, ವರ್ಷಕ್ಕೆ ಹತ್ತು ಅಂಗುಲದಷ್ಟೂ ಮಳೆ ಕಾಣದ ನೆಲದಲ್ಲಿ, ಎತ್ತರದಲ್ಲಿ ನಯಾಗರಕ್ಕೆ ಸರಿಗಟ್ಟುವ ಜಲಪಾತವೊಂದಿದೆ. ಇದೆ ಎಂದೆ, ಇಲ್ಲ ಎಂದರೂ ಸುಳ್ಳಾಗದು. ಏಕೆಂದರೆ ವರ್ಷದ ಬಹುಭಾಗ ಅಲ್ಲಿ ಕಾಣುವುದು ಬರಿಯ ಒಣಬಂಡೆ. ಕೆಲವು ವಾರಗಳ ಮಟ್ಟಿಗೆ ನೀರು ಬರುತ್ತದೆ, ಭೋರ್ಗರೆಯುತ್ತದೆ, ಹೇಳದೆ ಕೇಳದೆ ಹೊರಟುಹೋಗುತ್ತದೆ.

ಈ ಸ್ಥಳವಿರುವುದು ಅಮೆರಿಕ ಸಂಯುಕ್ತ ಸಂಸ್ಥಾನದ ಅರಿಜೋನಾ ರಾಜ್ಯದಲ್ಲಿ, ಫ್ಲಾಗ್‌ಸ್ಟಾಫ್ ಪಟ್ಟಣಕ್ಕೆ ಈಶಾನ್ಯದಲ್ಲಿ, ಸುಮಾರು ೩೦ ಮೈಲಿ ದೂರದಲ್ಲಿ. ಲಿಟ್ಲ್ ಕೊಲರಾಡೊ ಎಂಬ ನದಿ ಇಲ್ಲಿ ಸುಮಾರು ೧೮೦ ಅಡಿ ಆಳಕ್ಕೆ ಧುಮುಕುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ ಗ್ರ್ಯಾಂಡ್ ಫಾಲ್ಸ್ ಎಂದು ಹೆಸರು. ಇದು ನಾವು ಚಿತ್ರಗಳಲ್ಲಿ ಕಾಣುವ ಮರಳುದಿಬ್ಬಗಳ ಮರುಭೂಮಿಯಲ್ಲ. ಸಮುದ್ರಮಟ್ಟಕ್ಕಿಂತ ನಾಲ್ಕು ಸಾವಿರ ಅಡಿಗಳಿಗೂ ಮೀರಿದ ಎತ್ತರದ ಮರುಭೂಮಿ. ಬೇಸಗೆಯ ಹಗಲು ಸುಡುತ್ತದೆ, ರಾತ್ರಿ ನಡುಗಿಸುತ್ತದೆ, ಚಳಿಗಾಲದಲ್ಲಿ ಹಿಮವೂ ಬೀಳುವುದುಂಟು. ನೆಲ ಕೆಂಪು, ಕಂದು, ಬೂದು ಬಣ್ಣಗಳ ಪದರು ಪದರಾದ ಕಲ್ಲು. ಅಲ್ಲಲ್ಲಿ ಕುರುಚಲು ಗಿಡ. ಪಶ್ಚಿಮದ ದಿಗಂತದಲ್ಲಿ ಹಿಮ ಹೊತ್ತ ಶಿಖರಗಳು.

ಈ ಬಯಲಿನಲ್ಲಿ ಜಲಪಾತ ಹುಟ್ಟಿದ್ದಾದರೂ ಹೇಗೆ? ಅದಕ್ಕೆ ಕಾರಣ ನೀರಲ್ಲ, ಬೆಂಕಿ. ಸುಮಾರು ೨೦,೦೦೦ ವರ್ಷಗಳ ಹಿಂದೆ ಸಮೀಪದ ಮೆರಿಯಮ್ ಎಂಬ ಜ್ವಾಲಾಮುಖಿಯಿಂದ ಹೊರಟ ಲಾವಾ ಹರಿದು ಬಂದು ನದಿಯ ಕಂದರವನ್ನು ತುಂಬಿತು, ತುಂಬಿ ಹೆಪ್ಪುಗಟ್ಟಿತು. ದಾರಿ ಮುಚ್ಚಿಹೋದ ನದಿ ಆ ಕಪ್ಪು ನಾಲಗೆಯನ್ನು ಬಳಸಿಕೊಂಡು ಬಯಲಿನ ಮೇಲೆ ಹೊಸ ಹಾದಿ ಹಿಡಿಯಿತು. ಸ್ವಲ್ಪ ದೂರ ಹೋದ ಮೇಲೆ ತನ್ನ ಹಳೆಯ ಕಂದರವೇ ಮತ್ತೆ ಎದುರಾಯಿತು. ಆಗ ಅದರ ಪಕ್ಕದ ಗೋಡೆಯ ಮೇಲಿಂದ ಒಳಗೆ ಹಾರದೆ ಬೇರೆ ದಾರಿಯಿರಲಿಲ್ಲ. ಹೀಗೆ ನದಿ ತನ್ನ ಮನೆಗೆ ತಾನೇ ಗೋಡೆ ಹಾರಿ ಬಂದದ್ದು ಈ ಜಲಪಾತ. ಇಂದಿಗೂ ಅಂಚಿನಲ್ಲಿ ನಿಂತರೆ ಒಂದು ಮಗ್ಗುಲಿಗೆ ಕರಿಯ ಲಾವಾ, ಇನ್ನೊಂದು ಮಗ್ಗುಲಿಗೆ ಮೆಟ್ಟಿಲು ಮೆಟ್ಟಿಲಾದ ಬಿಳಿಚು ಸುಣ್ಣಕಲ್ಲು. ಆ ಸುಣ್ಣಕಲ್ಲಾದರೋ ಸುಮಾರು ೨೭ ಕೋಟಿ ವರ್ಷಗಳ ಹಿಂದಿನ ಸಮುದ್ರದ ತಳ. ಇಂದು ನೀರಿಲ್ಲದ ನೆಲ ಅಂದು ನೀರಿನಡಿಯಲ್ಲಿತ್ತು.

ನೀರು ಬರುವುದು ಎರಡು ಕಾಲಗಳಲ್ಲಿ. ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ ಪೂರ್ವ ಅರಿಜೋನಾದ ಬಿಳಿಯ ಬೆಟ್ಟಗಳ ಹಿಮ ಕರಗಿ ನದಿಗೆ ಇಳಿಯುತ್ತದೆ. ಮತ್ತೆ ಜುಲೈಯಿಂದ ಸೆಪ್ಟೆಂಬರಿನವರೆಗೆ ಗುಡುಗುಮಳೆ. ಆ ಮಳೆಗಾಲಕ್ಕೆ ಅಲ್ಲಿಯವರೂ ‘ಮಾನ್ಸೂನ್’ ಎಂದೇ ಹೇಳುತ್ತಾರೆ. ಋತು ಎಂಬರ್ಥದ ಅರಬ್ಬೀ ಮಾತು ನಮ್ಮ ಕಡಲಿನ ನಾವಿಕರ ಬಾಯಲ್ಲಿ ಬೆಳೆದು, ಅಷ್ಟು ದೂರದ ಒಣನಾಡಿನ ಮಳೆಗೂ ಹೆಸರಾಗಿದೆ. ಆದರೆ ನಮ್ಮ ಮುಂಗಾರಿನಂತೆ ನಾಡನ್ನೆಲ್ಲ ಒಂದೇ ಸಮನೆ ತೋಯಿಸುವ ಮಳೆ ಅದಲ್ಲ. ಇಲ್ಲೊಂದು ಮೋಡ, ಅಲ್ಲೊಂದು ಮೋಡ. ಒಂದು ಕಣಿವೆಯಲ್ಲಿ ಪ್ರಳಯ, ಪಕ್ಕದ ಕಣಿವೆಯಲ್ಲಿ ಬಿಸಿಲು. ಹಿಮ ಕಡಿಮೆ ಬಿದ್ದ ವರ್ಷ ವಸಂತದ ಧಾರೆಯೂ ಬಡವಾಗುತ್ತದೆ.

ಆದುದರಿಂದ ಇಂಥ ಜಲಪಾತಕ್ಕೆ ನಡೆದುಹೋಗುವವನು ಕಾಲಿಗಿಂತ ಮೊದಲು ಕಣ್ಣನ್ನು ಪಳಗಿಸಬೇಕು. ತಾನು ನಿಂತಲ್ಲಿಯ ಆಕಾಶವನ್ನು ನೋಡಿದರೆ ಸಾಲದು. ನೂರು ಮೈಲಿ ಮೇಲಿನ ಬೆಟ್ಟದಲ್ಲಿ ಏನಾಗಿದೆ ಎಂಬುದನ್ನು ತಿಳಿಯಬೇಕು. ನದಿಯ ಮೇಲ್ಭಾಗದಲ್ಲಿ, ವಿನ್ಸ್‌ಲೋ ಪಟ್ಟಣದ ಬಳಿ, ಹರಿವನ್ನು ಅಳೆಯುವ ಸರಕಾರದ ಮಾಪಕವೊಂದಿದೆ. ತಿಳಿದವರು ಮೊದಲು ನೋಡುವುದು ಅದರ ಅಂಕಿಯನ್ನು. ಇಲ್ಲೊಂದು ವಿಪರ್ಯಾಸವುಂಟು: ಡಾಂಬರು ರಸ್ತೆ ಮುಗಿದ ಮೇಲೆ ಜಲಪಾತದ ಕಡೆಗೆ ಹೋಗುವುದು ಮಣ್ಣಿನ ದಾರಿ. ಸುತ್ತಮುತ್ತ ಮಳೆ ಸುರಿದು ನೀರು ಭರ್ಜರಿಯಾಗಿ ಧುಮುಕುವ ದಿನವೇ ಆ ದಾರಿ ಅಂಟುಕೆಸರಾಗಿ ಗಾಡಿಗಳನ್ನು ಹಿಡಿದಿಡುತ್ತದೆ.

ದಾರಿ ಮುಗಿದಲ್ಲಿಂದ ಕಂದರದ ಅಂಚಿನಗುಂಟ ನಡಿಗೆ. ಮುಂದೆ ಕಲ್ಲುಗಳ ನಡುವೆ ನದಿಯ ಪಾತ್ರಕ್ಕೆ ಇಳಿಯುವ ಕಡಿದಾದ ಜಾಡು. ದೂರ ಹೆಚ್ಚಲ್ಲ, ಆದರೆ ಒಣಗಾಳಿ ಬೆವರನ್ನು ಕಾಣದಂತೆ ಕದಿಯುತ್ತದೆ. ಬಾಯಾರಿಕೆ ತಿಳಿಯುವ ಹೊತ್ತಿಗೆ ದೇಹ ಸೋತಿರುತ್ತದೆ. ಬಿಸಿಲಿನಲ್ಲಿ ದಿನವಿಡೀ ನಡೆಯುವವನು ತಲೆಗೆ ನಾಲ್ಕು ಲೀಟರಿನಷ್ಟಾದರೂ ನೀರು ಹೊರಬೇಕು. ಜಲಪಾತಕ್ಕೆ ಹೋಗುವವನು ನೀರನ್ನು ಹೊತ್ತುಕೊಂಡು ಹೋಗುವುದೇ ಎಂದು ನಗಬೇಡಿ. ಅಲ್ಲಿ ಬೀಳುವ ನೀರು ಹಾಲು ಬೆರೆತ ಕಾಫಿಯ ಬಣ್ಣದ್ದು, ಹೂಳು ತುಂಬಿದ್ದು. ಅದರ ತುಂತುರು ತಾಗಿದ ಬಟ್ಟೆ ಒಣಗಿದ ಮೇಲೆ ಮಣ್ಣಿನ ಚುಕ್ಕೆಗಳಿಂದ ತುಂಬುತ್ತದೆ.

ಬಾಯಾರಿಕೆಗಿಂತ ದೊಡ್ಡ ಅಪಾಯವೆಂದರೆ ನೀರೇ. ಬೋಳುಕಲ್ಲಿನ ಮೇಲೆ ಬಿದ್ದ ಮಳೆ ಇಂಗುವುದಿಲ್ಲ. ಹಳ್ಳಗಳಿಗೆ ಇಳಿದು, ಇಕ್ಕಟ್ಟಿನಲ್ಲಿ ಗೋಡೆಯಂತೆ ಎದ್ದು ಬರುತ್ತದೆ. ೧೯೯೭ರ ಆಗಸ್ಟ್ ೧೨ರಂದು ಇದೇ ರಾಜ್ಯದ ಆಂಟಿಲೋಪ್ ಕಂದರದಲ್ಲಿ ಹನ್ನೊಂದು ಮಂದಿ ಪ್ರವಾಸಿಗಳು ಹೀಗೆ ಕೊಚ್ಚಿಹೋದರು. ಗುಡುಗುಮಳೆ ಸುರಿದದ್ದು ಅವರಿದ್ದಲ್ಲಿಗೆ ಮೈಲಿಗಳಾಚೆ. ಒಣಹಳ್ಳವೆಂಬುದು ನೀರಿಲ್ಲದ ಜಾಗವಲ್ಲ. ನೀರು ಸದ್ಯಕ್ಕೆ ಹೊರಗೆ ಹೋಗಿರುವ ಜಾಗ ಎಂಬ ಎಚ್ಚರ ಮರುಭೂಮಿಯಲ್ಲಿ ನಡೆಯುವವನಿಗೆ ಸದಾ ಇರಬೇಕು.

ಇಷ್ಟೆಲ್ಲ ತಿಳಿದ ಮೇಲೂ ತಿಳಿಯಬೇಕಾದುದು ಒಂದು ಉಳಿಯುತ್ತದೆ: ಅದು ಯಾರ ನೆಲ ಎಂಬುದು. ಈ ಜಲಪಾತವಿರುವುದು ನವಾಹೊ ಜನರ ನಾಡಿನಲ್ಲಿ. ಅವರು ತಮ್ಮನ್ನು ಕರೆದುಕೊಳ್ಳುವುದು ಡಿನೇ ಎಂದು; ಜಲಪಾತಕ್ಕೆ ಅವರಿಟ್ಟ ಹೆಸರಿಗೆ ಕೆಳಕ್ಕೆ ಹರಿಯುವ ನೀರು ಎಂಬಷ್ಟೇ ಅರ್ಥ. ‘ಗ್ರ್ಯಾಂಡ್’ ಎಂಬ ಉದ್ಗಾರ ನೋಡಲು ಬಂದವರದು. ‘ಹರಿಯುವ ನೀರು’ ಎಂಬ ಮಾತು ಬಾಳಲು ನಿಂತವರದು. ೧೮೬೪ರಲ್ಲಿ ಸೈನ್ಯ ಈ ಜನರನ್ನು ನೂರಾರು ಮೈಲಿ ನಡೆಸಿ ಗಡಿಪಾರು ಮಾಡಿತು. ೧೮೬೮ರ ಒಪ್ಪಂದದ ಮೇಲೆ ಅವರು ಮರಳಿ ಬಂದರು. ಇಷ್ಟು ಕಾಲ ಕಳೆದರೂ ಅಲ್ಲಿ ಮೂರರಲ್ಲೊಂದು ಮನೆಗೆ, ಹೆಚ್ಚುಕಡಿಮೆ, ನಲ್ಲಿಯ ನೀರಿಲ್ಲ. ಟ್ಯಾಂಕುಗಳಲ್ಲಿ ತುಂಬಿಸಿಕೊಂಡು ಮೈಲಿಗಟ್ಟಲೆ ದೂರದಿಂದ ತರುವುದೇ ಅವರ ನಿತ್ಯದ ನಡಿಗೆ. ಆ ಒಪ್ಪಂದದಂತೆ ನೀರನ್ನು ದೊರಕಿಸಿಕೊಡುವ ಹೊಣೆ ತನ್ನದೆಂದು ಅಮೆರಿಕದ ಸರಕಾರ ಒಪ್ಪಲಿಲ್ಲ. ೨೦೨೩ರ ಜೂನ್‌ನಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯ, ಐದಕ್ಕೆ ನಾಲ್ಕರ ಬಹುಮತದಿಂದ, ಅಂಥ ಹೊಣೆಯಿಲ್ಲವೆಂದು ತೀರ್ಪಿತ್ತಿತು.

ಅದೇ ೨೦೨೩ರಲ್ಲಿ ಸ್ಥಳೀಯ ನವಾಹೊ ಸಮುದಾಯ ಜಲಪಾತದ ದಾರಿಯನ್ನು ಹೊರಗಿನವರಿಗೆ ಮುಚ್ಚಿತು. ಬಂದವರು ಬಿಟ್ಟುಹೋದ ಕಸ, ಅವರ ಸ್ವೇಚ್ಛೆಯ ನಡವಳಿಕೆ ಇದಕ್ಕೆ ಕಾರಣ. ದೂರದಿಂದ ಬಂದವನಿಗೆ ಇದು ನಿರಾಶೆಯೆನಿಸಬಹುದು. ಆದರೆ ನೀರಿಗಾಗಿ ಇನ್ನೂ ದಾರಿ ಸವೆಸುತ್ತಿರುವ ಮನೆಯ ಅಂಗಳದಲ್ಲಿ ನಿಂತು ನೀರಿನ ಸೊಬಗನ್ನು ಸವಿಯುವವನು, ಆ ಮನೆಯವರ ಮಾತನ್ನು ಕೇಳಲೇಬೇಕಲ್ಲವೆ?

ತಿಥಿಯನ್ನು ಗೊತ್ತುಮಾಡದೆ ಬರುವವನು ಅತಿಥಿ ಎಂದು ನಮ್ಮ ಹಿರಿಯರು ಅರ್ಥ ಹೇಳಿದರು. ಮರುಭೂಮಿಯ ಈ ನೀರು ಅಂಥ ಅತಿಥಿ. ಬಂದಾಗ ಸ್ವಾಗತಿಸಬೇಕು, ಬಾ ಎಂದು ಆಜ್ಞಾಪಿಸಲಾಗದು. ಅದನ್ನು ಕಾಣಹೊರಟ ಮನುಷ್ಯನೂ ಅಲ್ಲಿ ಅತಿಥಿಯೇ. ಒಂದೇ ವ್ಯತ್ಯಾಸವೆಂದರೆ ನೀರು ಕೇಳಿ ಬರಬೇಕಾಗಿಲ್ಲ, ಅವನು ಕೇಳಿ ಹೋಗಬೇಕು. ಬಾಗಿಲು ತೆರೆದಿದ್ದರೆ ಹೆಜ್ಜೆ ಹಗುರಾಗಿಡಬೇಕು, ಮುಚ್ಚಿದ್ದರೆ ಹಿಂದಿರುಗಬೇಕು. ನೋಡುವ ಕಣ್ಣು ಇರಲಿ, ಇಲ್ಲದಿರಲಿ, ಬೆಟ್ಟದ ಹಿಮ ಕರಗಿದಾಗ ನದಿ ತನ್ನ ಹಳೆಯ ಮನೆಗೆ ಧುಮುಕಿಯೇ ಧುಮುಕುತ್ತದೆ.